ನನ್ನ ಎತ್ತರದ ಅಡುಗೆ ಕಟ್ಟೆ

ಎದುರು ಮನೆಯವರು ಅಡುಗೆಮನೆಗೆ ಕಡಪಾ ಕಲ್ಲು ಕೂರಿಸುತ್ತಿದ್ದಾರೆ. ಬೆಳಗಿನಿಂದ ಒದ್ದೆ ಸಿಮೆಂಟಿನ ವಾಸನೆ. ಆ ವಾಸನೆಗೆ ನನ್ನ ಹೊಟ್ಟೆ ಉರಿಯುತ್ತದೆ. ನಗಬೇಡಿ, ಕಾರಣವಿದೆ.

ತುಮಕೂರಿನ ಸತ್ಯಮಂಗಲದ ಕಡೆ ನಾವು ಬ್ಯಾಂಕ್ ಸಾಲ ಮಾಡಿ ಮನೆ ಕಟ್ಟಿಸಿದಾಗ, ಗಾರೆ ಕೆಲಸದವನು ನನ್ನನ್ನೇ ನಿಲ್ಲಿಸಿ ಒಲೆ ಇಡುವ ಕಟ್ಟೆಗೆ ಅಳತೆ ತೆಗೆದಿದ್ದ. ನಾನು ಊರಿಗೆಲ್ಲ ಉದ್ದದ ಹೆಂಗಸು. ಮದುವೆಗೆ ಅಡ್ಡಬಂದಿದ್ದ ಆ ಎತ್ತರಕ್ಕೆ ಮರ್ಯಾದೆ ಸಿಕ್ಕಿದ್ದು ಅಲ್ಲಿ ಮಾತ್ರ.

ಆಮೇಲೆ ಹಿರೇಹಳ್ಳಿಯಲ್ಲಿ ಯಜಮಾನರು ಕೆಲಸಕ್ಕಿದ್ದ ಫ್ಯಾಕ್ಟರಿ ಬಾಗಿಲು ಹಾಕಿತು. ನಮ್ಮ ಬಡಾವಣೆಯಲ್ಲಿ ಅರ್ಧ ಜನ ಅಲ್ಲಿಯವರೇ. ಎಲ್ಲರೂ ಒಟ್ಟಿಗೆ ಮನೆ ಮಾರಾಟಕ್ಕಿಟ್ಟರು, ಬೆಲೆ ಪಾತಾಳಕ್ಕಿಳಿಯಿತು. ಮಾರಿದರೂ ಸಾಲ ತೀರದು, ಮಾರದಿದ್ದರೆ ಕಂತು ಕಟ್ಟಲಾಗದು. ಕೊನೆಗೆ ಕುಣಿಗಲ್‌ನಿಂದ ತುಮಕೂರಿಗೆ ವರ್ಗವಾಗಿ ಬಂದ ನನ್ನ ಮೈದುನನೇ ಅದನ್ನು ಕೊಂಡ. ಉಳಿದ ಸಾಲ ಹೊತ್ತುಕೊಂಡು ನಾವು ಗುಬ್ಬಿ ಊರಿನ ಈ ಕಡಿಮೆ ಬಾಡಿಗೆಯ ಮನೆಗೆ ಬಂದೆವು. ಇಲ್ಲಿಯ ಕಟ್ಟೆ ಮಕ್ಕಳಾಟಕ್ಕೆ ಕಟ್ಟಿದಂತಿದೆ. ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಯಿತು.

ಮೈದುನನ ಹೆಂಡತಿ ಸುಜಾತ ಕುಳ್ಳಿ. ಅವಳು ನನ್ನ ಕಟ್ಟೆಯ ಮುಂದೆ ನಿಂತು ಒಗ್ಗರಣೆ ಹಾಕುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಗೌರಿ ಹಬ್ಬಕ್ಕೆ ಕರೆದಳು, ಹೋದೆ. ನೋಡಿದರೆ, ಎರಡು ಮಣೆ ಪೇರಿಸಿ ಅದರ ಮೇಲೆ ನಿಂತು ಕಡುಬು ಬೇಯಿಸುತ್ತಿದ್ದಾಳೆ! ನನಗೆ ಎಂಥ ಖುಷಿ ಅಂತೀರಿ.

“ಒಡೆಸಿ ತಗ್ಗಿಸ್ಕೋಬಾರ್ದೇನೇ?” ಅಂದೆ, ಬಲು ಒಳ್ಳೆಯವಳ ಹಾಗೆ.

“ಇವ್ರೂ ಅದನ್ನೇ ಅಂತಾರೆ. ನಾನೇ ಬ್ಯಾಡ ಅಂದಿದೀನಿ ಕಣಕ್ಕ. ಸಾಲ ತೀರಿದ್ಮೇಲೆ ಮನೆ ನೀವೇ ತಾನೆ ವಾಪಸ್ ತಗೊಳೋದು? ಆಗ ನೀವು ಬಗ್ಗೋ ಹಂಗಾಗ್ಬಾರ್ದು.”

ಮನೆ ಅವಳ ಪಾಲಾಯಿತೆಂದು ಅಷ್ಟು ದಿನ ಉರಿದಿದ್ದೆ. ಇಂಥ ಮನಸ್ಸೂ ಅವಳಿಗೇ ಇದೆಯಲ್ಲ ಎಂದು ಅವತ್ತು ಇನ್ನಷ್ಟು ಉರಿಯಿತು. ಕಡುಬು ಸೇರಲೇ ಇಲ್ಲ.

ಸಾಲ ಹೋದ ವರ್ಷ ತೀರಿತು. ಅಷ್ಟರಲ್ಲಿ ತುಮಕೂರಿನ ಮನೆಗಳ ಬೆಲೆ ನಮ್ಮ ಕೈಗೆಟುಕದಷ್ಟು ಏರಿಬಿಟ್ಟಿದೆ. ನನಗೂ ಗೊತ್ತು, ಅವಳಿಗೂ ಗೊತ್ತು. ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಅವಳಿನ್ನೂ ಮಣೆಯ ಮೇಲೇ ನಿಂತಿದ್ದಳು.

ಇವತ್ತು ಮಧ್ಯಾಹ್ನ ಅವಳಿಗೆ ಫೋನ್ ಮಾಡಿದೆ.

“ಸುಜಾತ, ಆ ಕಟ್ಟೆ ಒಡೆಸ್ಬುಡು ಕಣೇ. ನಾವಿನ್ನು ಅಲ್ಲಿಗೆ ಬರಲ್ಲ.”

ಆ ಕಡೆಯಿಂದ ಮೂಗೇರಿಸಿದ ಸದ್ದು.

“ಎಷ್ಟೆತ್ತರ ಕಟ್ಟಿಸ್ಲಿ ಅಕ್ಕ?”

“ನಿನ್ನ ಸೊಂಟಕ್ಕೆ ಕಣೇ,” ಅಂದೆ. “ಇನ್ಯಾರ ಸೊಂಟಕ್ಕೆ?”