ಗೆಣಸಿನ ಶನಿವಾರಗಳು

ಇಸವಿ ಎರಡು ಸಾವಿರದ ಇಪ್ಪತ್ತನಾಲ್ಕು. ನನಗಾಗ ಐವತ್ತೊಂದು ವರ್ಷ. ಹೇವರ್ಡಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಅಂಗಳದಲ್ಲಿ, ನನಗಿಂತ ಹಿರಿಯರಾದ ಗೃಹಸ್ಥರೊಬ್ಬರು ಕತ್ತರಿ ಹಿಡಿದು ಮಾಂಸವನ್ನು ಕತ್ತರಿಸುತ್ತಿರುವುದನ್ನು ಕಂಡು, ಒಗೆದ ಬಟ್ಟೆಯ ಬುಟ್ಟಿಯೊಡನೆ ನಿಂತಲ್ಲೇ ನಿಂತೆ. ಕತ್ತರಿಯೆಂದರೆ ದರ್ಜಿಯದು, ಇಲ್ಲವೆ ಕ್ಷೌರಿಕನದು ಎಂದು ತಿಳಿದು ಅರ್ಧ ಶತಮಾನ ಬಾಳಿದವನು ನಾನು. ಅವರೋ ಬೆಂಕಿಯ ಮೇಲಿನ ಬಿದಿರುಕಡ್ಡಿಯೊಂದನ್ನು ಎತ್ತಿ, ಕರಕಾದ ಅಂಚನ್ನು ಹೂವಿನ ದಂಟು ಕತ್ತರಿಸುವಷ್ಟು ನಾಜೂಕಾಗಿ ಕತ್ತರಿಸಿ ಕೆಡವಿದರು. ಸುಟ್ಟ ಸಕ್ಕರೆ, ಬೆಳ್ಳುಳ್ಳಿ, ಎಳ್ಳೆಣ್ಣೆ, ದನದ ಮಾಂಸ ಎಲ್ಲದರ ವಾಸನೆ ಒಟ್ಟಿಗೆ ಬಂತು. ಬಾಯಲ್ಲಿ ನೀರೂರಿತು, ಊರಿದ್ದನ್ನು ಯಾರಾದರೂ ಕಂಡರೇ ಎಂದು ಸುತ್ತ ನೋಡಿದೆ. ಹಾಗೆ ಸುತ್ತ ನೋಡುವ ಅಭ್ಯಾಸ ಗದುಗಿನಿಂದ ನನ್ನೊಡನೆಯೇ ವಿಮಾನ ಹತ್ತಿ ಬಂದದ್ದು.

ಗದುಗಿನ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಮಾಸ್ತರನಾಗಿದ್ದೆ. ಅಡ್ಡಹೆಸರು ನದಾಫ್, ನಮ್ಮವರಲ್ಲಿ ಅನೇಕರಂತೆ ನಮ್ಮ ಮನೆಮಾತೂ ಕನ್ನಡವೇ. ಅಮೆರಿಕದಲ್ಲಿ ನೆಲೆಸಿದ್ದ ಅಕ್ಕ ನಮಗಾಗಿ ಅರ್ಜಿ ಹಾಕಿದಾಗ ನನ್ನ ಮಗಳು ಬಾಲವಾಡಿಯಲ್ಲಿದ್ದಳು. ಕರೆ ಬರುವಷ್ಟರಲ್ಲಿ ಅವಳು ಅರ್ಜಿಯ ವಯೋಮಿತಿಯನ್ನು ದಾಟಿದ್ದಳು. ಓದು ಮುಗಿಯದ ಹುಡುಗಿಯನ್ನು ಒಬ್ಬಳನ್ನೇ ಬಿಟ್ಟು ಬರಲಾಗದೆ ಹೆಂಡತಿ ರಜಿಯಾ ಅಲ್ಲಿಯೇ ಉಳಿದಳು, ಬಂದವನು ನಾನೊಬ್ಬನೇ. ಮೊದಲು ಕೆಲವು ತಿಂಗಳು ಸ್ಯಾನ್ ಮಟಿಯೋದಲ್ಲಿ ಅಕ್ಕನ ಮನೆಯಲ್ಲಿದ್ದೆ. ಆಮೇಲೆ ಕೊಲ್ಲಿಯ ಈಚೆಯ ಹೇವರ್ಡಿನ ಗೋದಾಮೊಂದರಲ್ಲಿ, ಪೆಟ್ಟಿಗೆಗಳಿಗೆ ಅಂಟಿಸಿದ ಚೀಟಿಗಳು ಸರಿಯಿವೆಯೇ ಎಂದು ಪರೀಕ್ಷಿಸುವ ಕೆಲಸ ಸಿಕ್ಕಿತು. ಉತ್ತರಪತ್ರಿಕೆಗಳನ್ನು ತಿದ್ದಿದ ಕಣ್ಣಿಗೆ ಅದು ಕಷ್ಟವಾಗಲಿಲ್ಲ. ನಡುವೆ ಇರುವುದು ಒಂದೇ ಸೇತುವೆಯಾದರೂ, ಕಾರಿಲ್ಲದವನಿಗೆ ಅಕ್ಕನ ಮನೆ ಕೊಲ್ಲಿಯಾಚೆಯಲ್ಲ, ಕಡಲಾಚೆಯೇ.

ಬಾಡಿಗೆಗೆ ದೊರೆತದ್ದು ಇಲ್ಲಿನವರು ಸ್ಟುಡಿಯೋ ಎನ್ನುವ ಮನೆ: ಮಂಚ, ಒಲೆ, ಊಟದ ಮೇಜು ಎಲ್ಲವೂ ಒಂದೇ ಕೋಣೆಯಲ್ಲಿ. ಗದುಗಿನಲ್ಲಿ ನಾನು ಎರಡು ಸಲ ಕೆಮ್ಮಿದರೆ ಗೋಡೆಯಾಚೆಯಿಂದ ಕಷಾಯದ ಸಲಹೆ ಬರುತ್ತಿತ್ತು. ಇಲ್ಲಿ ಒಗ್ಗರಣೆ ಹಾಕಿದಾಗ ವಿಚಾರಿಸುವುದು ಚಾವಣಿಗೆ ಅಂಟಿಸಿದ ಹೊಗೆಗಂಟೆಯೊಂದೇ. ಮಾತೂ ಅಷ್ಟೇ. ಇಂಗ್ಲಿಷಿನಲ್ಲಿ ತಪ್ಪು ವಾಕ್ಯ ಬಾಯಿಂದ ಹೊರಡಬಾರದೆಂಬ ಹಟ ನನಗೆ. ಕರ್ತೃ, ಕರ್ಮ, ಕ್ರಿಯಾಪದಗಳನ್ನು ಒಳಗೇ ಜೋಡಿಸಿ ಸಿದ್ಧನಾಗುವಷ್ಟರಲ್ಲಿ ಎದುರಿನವರು ಶುಭದಿನ ಕೋರಿ ಹೊರಟುಹೋಗಿರುತ್ತಿದ್ದರು.

ಆದುದರಿಂದಲೇ ಮೇಲಂತಸ್ತಿನ ಮಂಜುನಾಥ ಎಂಬ ಯುವಕ ನನಗೆ ದೊಡ್ಡ ಆಸರೆಯಾದ. ಮಂಡ್ಯದ ಕಡೆಯವನು, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಊರಲ್ಲಿ ‘ಸರ’ ಎನಿಸಿಕೊಂಡವನು ಅವನ ಬಾಯಲ್ಲಿ ‘ಮೇಷ್ಟ್ರೇ’ ಆದೆ. ಭಾನುವಾರ ಅವನ ಮಗಳು ಸಿರಿಗೆ ಕನ್ನಡ ಓದಿಸುತ್ತಿದ್ದೆ. ಅವಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಪಾಠವಾದ ಮೇಲೆ ಅವನ ಹೆಂಡತಿ ಲತಾ ಮುದ್ದೆ, ಸೊಪ್ಪಿನ ಸಾರು ಬಡಿಸುತ್ತಿದ್ದಳು. ವಾರದಲ್ಲಿ ಇನ್ನೊಬ್ಬರ ಕೈಯಿಂದ ನನ್ನ ತಟ್ಟೆಗೆ ಏನಾದರೂ ಬೀಳುತ್ತಿದ್ದುದು ಆ ಒಂದು ಹೊತ್ತು ಮಾತ್ರ.

ಕತ್ತರಿಯ ಗೃಹಸ್ಥರನ್ನು ಕಂಡ ಆ ಶನಿವಾರ ಮಂಜುನಾಥನೂ ಅಂಗಳದಲ್ಲಿದ್ದ. ಅಲ್ಲಿನ ಗ್ರಿಲ್ಲು, ಅಂದರೆ ಕಬ್ಬಿಣದ ಸರಳುಗಳ ದೊಡ್ಡ ಕೆಂಡದ ಒಲೆ, ಎಲ್ಲರಿಗೂ ಸೇರಿದ್ದು. ಅವನು ಅದರ ಒಂದು ಮೂಲೆಯಲ್ಲಿ ಮುಸುಕಿನ ಜೋಳ ಸುಡುತ್ತಿದ್ದ. ಗೃಹಸ್ಥರು ಕೊರಿಯದವರು, ಹೆಸರು ಯೂನ್, ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯನ್ನು ಮೂವತ್ತು ವರ್ಷ ನಡೆಸಿ ಬಿಟ್ಟವರು, ಹೆಂಡತಿ ತೀರಿಕೊಂಡಿದ್ದರು. ಒಂದು ಕಡ್ಡಿಯನ್ನು ನನ್ನತ್ತ ಚಾಚಿದವರು, ಏನೋ ನೆನಪಾದಂತೆ ಕೈ ಹಿಂದೆಗೆದು, “ಓ, ಸಾರಿ. ಇಂಡಿಯನ್. ನೋ ಬೀಫ್. ಅಲ್ವೆ?” ಎಂಬರ್ಥದಲ್ಲಿ ಕೇಳಿದರು.

ಮಂಜುನಾಥ ನಕ್ಕು, “ನೋ ನೋ, ನಾವ್ಯಾರೂ ತಿನ್ನಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿದ: “ಅಲ್ವಾ ಮೇಷ್ಟ್ರೇ?”

ನಾನು ತಲೆಯಾಡಿಸಿದೆ.

ಇದಕ್ಕೆ ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಬುತ್ತಿ ಎಂದೂ ಬದನೆಕಾಯಿ ಪಲ್ಯ, ಮಡಕಿಕಾಳು, ರೊಟ್ಟಿಗಳನ್ನು ಮೀರಲಿಲ್ಲ. ಮನೆಯಲ್ಲಿಯೂ ಆ ಮಾಂಸದ ಹೆಸರನ್ನು ನೇರವಾಗಿ ಹೇಳದೆ ‘ದೊಡ್ಡದು’ ಎನ್ನುವ ರೂಢಿ. ಸಹೋದ್ಯೋಗಿಗಳು ಕೇಳಲಿಲ್ಲ, ನಾನು ಹೇಳಲಿಲ್ಲ, ಸ್ನೇಹ ಚೆನ್ನಾಗಿಯೇ ನಡೆಯಿತು. ಹೀಗೆ ಕತ್ತು ಕಲಿತದ್ದನ್ನು ಬಾಯಿ ತಡೆಯಲಿಲ್ಲ.

ಮುಂದಿನ ಶನಿವಾರದಿಂದ ಯೂನ್ ಅವರ ಸೌಜನ್ಯ ಆರಂಭವಾಯಿತು. ತಮ್ಮ ಕಡ್ಡಿಗಳನ್ನು ನಾನು ಇಳಿದು ಬರುವ ಮೊದಲೇ ಸುಟ್ಟು, ಮುಚ್ಚಿ ಒಳಗಿಡುತ್ತಿದ್ದರು. ಸರಳುಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಹೊಸ ಬಿದಿರುಕಡ್ಡಿಗಳಿಗೆ ಗೆಣಸಿನ ಹೋಳುಗಳನ್ನು ಚುಚ್ಚಿ ಸುಟ್ಟು, “ಕ್ಲೀನ್, ಸೊನ್‌ಸೆಂಗ್‌ನಿಮ್” ಎಂದು ಎರಡೂ ಕೈಗಳಿಂದ ಕೊಡುತ್ತಿದ್ದರು. ನಾನು ಮಾಸ್ತರನೆಂದು ಮಂಜುನಾಥ ಹೇಳಿದ್ದನಂತೆ. ‘ಸೊನ್‌ಸೆಂಗ್‌ನಿಮ್’ ಎಂದರೆ ಅವರ ನುಡಿಯಲ್ಲಿ ‘ಗುರುಗಳೇ’ ಎಂದಂತೆ. ತಾವೂ ಒಂದು ಕಡ್ಡಿ ಗೆಣಸು ಹಿಡಿದು, ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತು ತಿನ್ನುತ್ತಿದ್ದರು. ಮಾತು ಹೆಚ್ಚಿರಲಿಲ್ಲ. ಒಬ್ಬನೇ ಕುಳಿತು ಉಣ್ಣುವುದು ನನಗೆ ಅಷ್ಟರಲ್ಲಿ ರೂಢಿಯಾಗಿತ್ತು. ಆದರೆ ದನದ ಮಾಂಸ ಮುಟ್ಟದ, ನಿಜದಲ್ಲಿ ಇಲ್ಲವೇ ಇಲ್ಲದ ಒಬ್ಬ ಮನುಷ್ಯನಿಗೆ ಅವರು ಮರ್ಯಾದೆ ಮಾಡುತ್ತಿದ್ದರು. ಅವನ ಜಾಗದಲ್ಲಿ ಕುಳಿತು ಆ ಗೆಣಸನ್ನು ನಾನು ತಿನ್ನುತ್ತಿದ್ದೆ. ಆ ಒಂಟಿತನಕ್ಕೆ ರೂಢಿಯಾಗಲಿಲ್ಲ.

ನಿಜ ಹೇಳಿದರೆ ಮುಗಿಯಿತಲ್ಲ ಎಂದು ಓದುಗರು ಕೇಳಬಹುದು. ಮುಗಿಯುತ್ತಿರಲಿಲ್ಲ. ಅವರು ಮಾಂಸ ತರುತ್ತಿದ್ದುದು ಸಾಮಾನ್ಯ ಗ್ರೋಸರಿ ಅಂಗಡಿಯಿಂದ, ಅದು ಹಲಾಲ್ ಅಲ್ಲ. ನೆನೆಹಾಕುವ ರಸಕ್ಕೆ ಅಕ್ಕಿಯ ಮದ್ಯವನ್ನೂ ಸೇರಿಸುತ್ತಿದ್ದರು. ತಿನ್ನುತ್ತೇನೆ ಎಂದ ಉಸಿರಿನಲ್ಲೇ, ನಿಮ್ಮದನ್ನು ಮಾತ್ರ ತಿನ್ನಲಾರೆ ಎನ್ನುವುದು ಹೇಗೆ? ಇನ್ನು, ವಿಷಯ ಮಂಜುನಾಥನ ಮನೆಗೆ ತಲುಪಿದರೆ ಭಾನುವಾರಗಳ ಗತಿಯೇನು?

ಸೆಪ್ಟೆಂಬರಿನ ಕೊನೆಯಲ್ಲಿ ಯೂನ್, ಕ್ಯಾಂಪ್‌ಬೆಲ್ಲಿನಲ್ಲಿರುವ ತಮ್ಮ ಮಗಳ ಮನೆಗೆ ಹೊರಟಿರುವುದಾಗಿ ಹೇಳಿದರು. ಮೆಟ್ಟಿಲು ಹತ್ತಲು ಮೊಣಕಾಲು ಬಿಡುತ್ತಿಲ್ಲ. ಅಕ್ಟೋಬರಿನ ಮೂರನೆಯ ಶನಿವಾರವೇ ಅಂಗಳದಲ್ಲಿ ಕೊನೆಯದು. ಅಂದು ನಾನೇ ಅವರ ಕಡ್ಡಿಗಳನ್ನು ನಾನು ತಂದ ಹಲಾಲ್ ಮಾಂಸದಿಂದ ಮಾಡಿ, ಮೊದಲು ಅವರಿಗೆ ಬಡಿಸಿ, ಅವರೆದುರಿಗೆ ನಾನೂ ತಿನ್ನಬೇಕೆಂದು ನಿಶ್ಚಯಿಸಿದೆ.

ಮೊದಲ ಪ್ರಯೋಗ ಕೆಟ್ಟಿತು. ಮಾಂಸ ಮೃದುವಾಗಲು ಕೊರಿಯದವರು ತಮ್ಮ ದೊಡ್ಡ ರಸಭರಿತ ಪೇರು ಹಣ್ಣನ್ನು, ಅಂದರೆ ನಮ್ಮ ಪೇರಲವಲ್ಲ, ಮರಸೇಬನ್ನು, ತುರಿದು ಹಾಕುತ್ತಾರೆ. ಪೇರಿಗಿಂತ ನಮ್ಮ ಪಪ್ಪಾಯಿಕಾಯಿ ಬಲವಾದದ್ದೆಂಬ ಅಭಿಮಾನದಿಂದ ನಾನು ಅದನ್ನೇ ಅರೆದು ಹಚ್ಚಿ, ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಕಡ್ಡಿಗೆ ಚುಚ್ಚಹೋದರೆ ಮಾಂಸ ಹಿಟ್ಟಿನಂತೆ ಜಾರಿತು. ರಜಿಯಾಳಿಗೆ ಫೋನು ಮಾಡಿದೆ.

“ರಾತ್ರಿಯೆಲ್ಲಾ ಇಟ್ಟಿದ್ರ್ಯಾ? ಯಪ್ಪಾ! ಸಾಲ್ಯಾಗ ಹುಡುಗ್ರು ಐದ ನಿಮಿಷ ತಡಾ ಮಾಡಿ ಬಂದ್ರ ಹೊರಗ ನಿಂದರಸ್ತಿದ್ರಿ. ಅಡಗಿಗಿ ಗಡಿಯಾರ ಇಲ್ಲೇನ್ರೀ?”

“ಎಷ್ಟು ಹೊತ್ತು ಇಡಬೇಕು?”

“ಪಪ್ಪಾಯಿ ಆದ್ರ ಅರ್ಧಾ ತಾಸು. ಅವರ ಅಡಗಿ ಮಾಡೂದಾದ್ರ ಅವರ ಹಣ್ಣ ಹಾಕ್ರಿ, ನಿಮ್ಮ ಶಾಣ್ಯಾತನ ಬ್ಯಾಡ.” ನಕ್ಕವಳು ದನಿ ತಗ್ಗಿಸಿದಳು. “ಆ ಮಂಡ್ಯಾದವ್ರಿಗೆ ಗೊತ್ತಾದ್ರ? ಅಲ್ಲಿ ನಿಮಗಂತ ಇರೂದು ಅದೊಂದ ಮನಿ. ಸುಮ್ನಿರಬಾರ್ದ?”

“ಸುಮ್ಮನಿದ್ದೇ ಇಲ್ಲಿಯವರೆಗೆ ಬಂದೆ.”

“ಹಂಗಾರ ಅವ್ರಿಗೂ ನೀವ ಹೇಳ್ರಿ. ನಿಮ್ಮ ಒಲಿ ಹೊಗಿ ಹೇಳೂದು ಬ್ಯಾಡ.”

ಶುಕ್ರವಾರ ಸಂಜೆ ಮಂಜುನಾಥನನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಕಟ್ಟಿಟ್ಟುಕೊಂಡಿದ್ದ ವಾಕ್ಯವನ್ನು ಒಪ್ಪಿಸಿದೆ: “ನಾನು ದನದ ಮಾಂಸವನ್ನು ತಿನ್ನುವವನು. ನಾಳೆ ಅಂಗಳದಲ್ಲಿ ಅದನ್ನು ಮಾಡಲಿದ್ದೇನೆ. ನಿಮಗೆ ಮೊದಲೇ ತಿಳಿಸಬೇಕೆನಿಸಿತು.”

ಅವನು ಬೆನ್ನಿನ ಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿಕೊಂಡ.

“ಅಯ್ಯೋ ಮೇಷ್ಟ್ರೇ, ಇದನ್ನೇನು ಪರೀಕ್ಷೆ ಉತ್ತರದ್ ಥರ ಹೇಳ್ತೀರ? ತಪ್ಪು ನಂದೇ. ಅವತ್ತು ನಿಮ್ಮನ್ನ ಕೇಳ್ದೆ ನಿಮ್ ಪರವಾಗಿ ಹೇಳ್ಬಿಟ್ಟೆ. ಆಮೇಲ್ ಮನೇಗ್ ಹೋದ್ಮೇಲೆ ಹೊಳೀತು. ನೀವೂ ತಲೆ ಆಡ್ಸಿದ್ರಲ್ಲ, ಸರಿ ಬಿಡು ಅಂತ ಸುಮ್ನಾದೆ.”

“ನಾಳೆ ನೀವು…”

“ಇಲ್ಲ, ನಾವ್ ಬರಲ್ಲ ಮೇಷ್ಟ್ರೇ. ಲತಾಗೆ ಆ ವಾಸ್ನೇನೇ ಆಗಲ್ಲ. ನನಗೂ ಅಷ್ಟೇ, ಸುಳ್ ಯಾಕ್ ಹೇಳ್ಲಿ. ಬೇಜಾರ್ ಮಾಡ್ಕೋಬೇಡಿ. ಗ್ರಿಲ್ಲು ಚೆನ್ನಾಗ್ ಉಜ್ಜಿಡಿ, ನಮ್ ಜೋಳ ಭಾನ್ವಾರ ಸುಟ್ಕೋತೀವಿ.” ಎರಡು ಮೆಟ್ಟಿಲು ಹತ್ತಿ ತಿರುಗಿ, “ಸಿರಿ ಹೋಂವರ್ಕು ಮಾಡಿಲ್ಲ, ಬಯ್ಯಿರಿ ಅವಳಿಗೆ” ಎಂದ.

ಮರುದಿನ ಮಧ್ಯಾಹ್ನ ಹಲಾಲ್ ಅಂಗಡಿಯ ಮಾಂಸವನ್ನು ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ದೆ. ಸೋಯಾ ರಸ, ಸಕ್ಕರೆ, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ ತಾಳು, ಕರಿಮೆಣಸು, ಎಳ್ಳೆಣ್ಣೆಗಳಿಗೆ ತುರಿದ ಪೇರನ್ನು ಸೇರಿಸಿ, ಮಾಂಸವನ್ನು ಅದರಲ್ಲಿ ನೆನೆಹಾಕಿದೆ. ಮದ್ಯದ ಬದಲು ಸ್ವಲ್ಪ ಸೇಬಿನ ರಸ ಹಾಕಿದೆ. ಬಿದಿರುಕಡ್ಡಿಗಳು ಹೊತ್ತಿಕೊಳ್ಳದಂತೆ ಅವನ್ನೂ ನೀರಿನಲ್ಲಿ ಮುಳುಗಿಸಿಟ್ಟೆ. ಸಂಜೆ ಮಾಂಸವನ್ನು ರಿಬ್ಬನ್ನಿನಂತೆ ಮಡಿಸಿ ಕಡ್ಡಿಗೆ ಪೋಣಿಸಿ, ಕೆಂಡದ ಮೇಲಿಟ್ಟೆ. ನಮ್ಮೂರಿನ ಸೀಕ್ ಕಬಾಬುಗಳನ್ನು ಬೆಂಕಿಯ ಮೇಲಿಟ್ಟು ಹರಟೆ ಹೊಡೆಯಬಹುದು. ಇವು ಕ್ಷಣ ಕಣ್ಣು ತಪ್ಪಿಸಿದರೂ ಸಕ್ಕರೆ ಸುಟ್ಟು ಕಪ್ಪಾಗುತ್ತವೆ. ನಾನು ಬಗ್ಗಿ ಒಂದೊಂದನ್ನೇ ತಿರುಗಿಸುತ್ತಿದ್ದಾಗ, ಯೂನ್ ಗೆಣಸಿನ ತಟ್ಟೆ ಹಿಡಿದು ಇಳಿದು ಬಂದರು. ಸರಳುಗಳನ್ನು ನೋಡಿದರು. ನನ್ನನ್ನು ನೋಡಿದರು.

“ಚಿಕನ್?”

“ಬೀಫ್,” ಎಂದೆ. ಆರು ತಿಂಗಳು ಜೋಡಿಸಿಟ್ಟ ಇಂಗ್ಲಿಷ್ ವಾಕ್ಯ ಅಷ್ಟರಲ್ಲಿ ಚದುರಿಹೋಗಿತ್ತು. “ನಾನು ತಿನ್ನುತ್ತೇನೆ. ಮೊದಲಿನಿಂದಲೂ. ಅಂದು ಹೇಳಿದ್ದು ನಿಜವಲ್ಲ. ಇದು ನಮ್ಮ ಧರ್ಮದ ಮಾಂಸ, ಇದರಲ್ಲಿ ವೈನ್ ಇಲ್ಲ” ಎಂಬುದನ್ನು ತುಂಡುತುಂಡಾಗಿ, ಒಂದು ಕ್ರಿಯಾಪದವೂ ನೆಟ್ಟಗಿಲ್ಲದೆ ಹೇಳಿದೆ.

ಯೂನ್ ಗೆಣಸಿನ ತಟ್ಟೆಯನ್ನು ಬೆಂಚಿನ ಮೇಲಿಟ್ಟು ಕುಳಿತರು. ಆಮೇಲೆ ಅವರ ಭುಜಗಳು ಅಲುಗತೊಡಗಿದವು, ನಗುತ್ತಿದ್ದರು.

“ಸೊನ್‌ಸೆಂಗ್‌ನಿಮ್,” ಎಂದರು ಕಣ್ಣೊರೆಸಿಕೊಂಡು, “ಚಿಕ್ಕವನಿದ್ದಾಗ ನಮ್ಮನೇಲಿ ಅಕ್ಕಿ ಇಲ್ಲ. ದಿನಾ ಗೆಣಸು. ಬೆಳಿಗ್ಗೆ ಗೆಣಸು, ರಾತ್ರಿ ಗೆಣಸು. ಅಮೆರಿಕಕ್ಕೆ ಬಂದೆ, ಇನ್ನು ಗೆಣಸು ಮುಟ್ಟಲ್ಲ ಅಂದೆ. ನಲವತ್ತು ವರ್ಷ ಮುಟ್ಟಲಿಲ್ಲ. ನಿಮಗೋಸ್ಕರ ತಿಂದೆ!”

ನನಗೂ ನಗು ಬಂತು. ಆದರೆ ಅದು ನಗುವಾಗಿಯೇ ಕೊನೆಯವರೆಗೆ ಉಳಿಯಲಿಲ್ಲ.

ಅವರು ಮೊದಲ ಕಡ್ಡಿಯನ್ನು ತಿಂದು, ಸಕ್ಕರೆ ಒಂದು ಚೂರು ಹೆಚ್ಚಾಯಿತೆಂದು ತಿದ್ದಿದರು; ನಾನು ತಿದ್ದಿಸಿಕೊಂಡೆ. ಬಳಿಕ ಒಳಗಿನಿಂದ ಕತ್ತರಿ ತಂದು, ಇನ್ನೊಂದು ಕಡ್ಡಿಯಿಂದ ಚೆನ್ನಾಗಿ ಬೆಂದ ನಡುಭಾಗವನ್ನು ಕತ್ತರಿಸಿ ನನ್ನ ತಟ್ಟೆಗೆ ಹಾಕಿದರು. ನಾನು ತಿಂದೆ. ಮೇಲಂತಸ್ತಿನಲ್ಲಿ ಒಂದು ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ಅದರ ಮೇಲೆ ನಾನು ಸಿಟ್ಟಾಗಲಾರೆ. ಆದರೆ ಆ ಸದ್ದು ಕೇಳಿಸಲಿಲ್ಲ ಎನ್ನಲಾರೆ.

ಈಗ ಕತ್ತರಿ ನನ್ನ ಬಳಿ ಇದೆ. ಹೊರಡುವ ದಿನ ಯೂನ್ ಅದನ್ನು ಎರಡೂ ಕೈಗಳಿಂದ ಕೊಟ್ಟರು. ಕ್ಯಾಂಪ್‌ಬೆಲ್ ನಕಾಶೆಯಲ್ಲಿ ಹತ್ತಿರವೇ ಇದೆ. ಫ್ರೀವೇಯಲ್ಲಿ ಸಾಗಲು ಕಾರು ಬೇಕು. ಸಿರಿ ಭಾನುವಾರ ತಪ್ಪದೆ ಪುಸ್ತಕ ಹಿಡಿದು ಬರುತ್ತಾಳೆ. ಮುದ್ದೆಯೂ ಬರುತ್ತದೆ, ಆದರೆ ಡಬ್ಬಿಯಲ್ಲಿ ಕೆಳಗೆ. ಮೇಲಿನ ಮೇಜಿಗೆ ಕರೆಯುವುದು ಕಡಿಮೆಯಾಗಿದೆ. ಕಾರಣ ಲತಾಳ ಹೊಸ ಕೆಲಸವೆಂದು ಮಂಜುನಾಥ ಹೇಳಿದ್ದಾನೆ. ಇರಬಹುದು. ನಾನು ಮತ್ತೆ ಕೇಳಿಲ್ಲ.

ರಜೆಯಲ್ಲಿ ಗದುಗಿಗೆ ಹೋದಾಗ ಹಳೆಯ ಸಹೋದ್ಯೋಗಿಗಳು ಊಟಕ್ಕೆ ಕರೆಯುತ್ತಾರೆ, ಹೋಗುತ್ತೇನೆ. ಅಲ್ಲಿ ನನ್ನನ್ನು ಬಲ್ಲವರು ನೂರು ಜನ. ಬುತ್ತಿ ಬಿಚ್ಚಿದರೆ ಮತ್ತೆ ಅದೇ ಬದನೆಕಾಯಿ ಪಲ್ಯವೇ ಇರುತ್ತದೆಂದು ನನಗೆ ಗೊತ್ತು. ಇಲ್ಲಿ ಏನು ಬೇಕಾದರೂ ಬೇಯಿಸಬಹುದು, ಬೆಂಚಿನ ಇನ್ನೊಂದು ತುದಿ ಖಾಲಿ. ಎರಡು ಊರುಗಳ ನಡುವೆ ನಾನು ಯಾರೆಂಬುದು ಒಂದೇ ಒಂದು ಸಲ, ನನ್ನ ಬಾಯಿಂದಲೇ, ಎದುರಿಗೆ ಕುಳಿತು ತಿನ್ನುವವರೊಬ್ಬರು ಇದ್ದಾಗ ನಿರ್ಧಾರವಾಯಿತು: ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿಯ ಅಕ್ಟೋಬರ್ ಹತ್ತೊಂಬತ್ತು, ಶನಿವಾರ.