ಕಿತ್ತೆಸೆದ ತಗಡು

ಅಣ್ಣನ ಹಳೆಯ ಸ್ಪೋರ್ಟ್ಸ್ ಕಾರು ಇನ್ನಷ್ಟು ಗರ್ಜಿಸಲೆಂದು ಬೆಳಗಾವಿಯ ಗ್ಯಾರೇಜಿನವರು ಸೈಲೆನ್ಸರ್ ಬದಲಿಸಿದರು. ಅದರ ಶಾಖ ಒಳಗೆ ಬಾರದಂತೆ ತಡೆಯುತ್ತಿದ್ದ ತಗಡನ್ನು ನಮಗೆ ಹೇಳದೆಯೇ ಕಿತ್ತೆಸೆದರು. ಪೂಜೆಯಾದ ಗಾಡಿಯೆಂದು ಅವ್ವ ಚಪ್ಪಲಿ ಬಿಟ್ಟು ಕುಳಿತಿದ್ದಳು. ಖಾನಾಪುರದ ದಾರಿಯಲ್ಲಿ ದೇಸೂರ ದಾಟುವಷ್ಟರಲ್ಲಿ ಅವಳ ಅಂಗಾಲಿನಲ್ಲಿ ಗುಳ್ಳೆ ಎದ್ದಿತ್ತು.

ಮರುದಿನ ಗ್ಯಾರೇಜಿಗೆ ಹೋಗಿ ತಗಡು ಯಾಕೆ ಕಿತ್ತಿರೆಂದು ಕೇಳಿದೆ.

“ಸ್ಪೋರ್ಟ್ಸ್ ಗಾಡಿ ಅಂದ್ರ ಬಿಸಿ ಇರೂದ ರೀ, ಅಕ್ಕಾರ. ನಿಮ್ಮವ್ವಾರಿಗೆ ಚಪ್ಪಲಿ ಹಾಕ್ಕೋಳಾಕ ಹೇಳ್ರಿ,” ಎಂದು ಮಾಲೀಕ ನಕ್ಕ.

ತಪ್ಪು ಅವನದು, ಬುದ್ಧಿವಾದ ಸುಟ್ಟ ಕಾಲಿಗೆ!

“ಬೂಟು ಬಿಚ್ಚಿ ಅವ್ವ ಕುಂತಲ್ಲೇ ಕುಂದರ್ರಿ. ಖಾನಾಪುರತನಕ ಹೋಗಿ ಬರೂಣು,” ಎಂದೆ.

ಅವನ ನಗು ನಿಂತಿತು. “ಬ್ಯಾಡ್ರಿ, ತಗಡು ಹಾಕಿಸ್ತೀನಿ.”

“ಅದನ್ನ ಹಾಕಿಸೇ ಹಾಕಿಸ್ತೀರಿ. ಮೊದಲು ಮನಿಗೆ ಬಂದು ಅವ್ವನ ಮುಂದ ತಪ್ಪಾತು ಅಂತ ಹೇಳ್ರಿ.”