ಎಡಕ್ಕೆ ಎಳೆಯುವ ತಲೆ

ಕುತ್ತಿಗೆ ಮೊದಲು ಎಳೆದದ್ದು ಮಗ್ಗದ ಮುಂದೆ. ಕಡಿದ ಎಳೆ ಕಟ್ಟುತ್ತಿದ್ದೆ. ತಲೆ ತಾನಾಗಿ ಎಡಕ್ಕೆ ಹೊರಳಿತು. ನೆಟ್ಟಗೆ ಮಾಡಿದೆ. ಮತ್ತೆ ಹೋಯಿತು. ಯಾರೋ ಕಿವಿ ಹಿಡಿದು ಎಳೆದ ಹಾಗೆ.

ನಾನು ಓದಿದ್ದು ಮೂರನೇ ಕ್ಲಾಸು. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಹಿಂದೆ ಶೆಡ್ಡು, ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್. ಎರಡನ್ನು ಮಗ ರಮೇಶ ನೋಡುತ್ತಾನೆ, ಎರಡನ್ನು ನಾನು. ಮದುವೆಯಾಗಿ ಬಂದಾಗಿನಿಂದ ಗೊತ್ತಿರುವುದು ಅದೊಂದೇ ಕೆಲಸ.

ವಾತ ಅಂದುಕೊಂಡು ಎಣ್ಣೆ ತಿಕ್ಕಿದೆ. ಏನೂ ಆಗಲಿಲ್ಲ. ಆಮೇಲೆ ಒಂದು ಉಪಾಯ ಸಿಕ್ಕಿತು. ಗಲ್ಲಕ್ಕೆ ಒಂದು ಬೆರಳು ತಾಗಿಸಿದರೆ ಸಾಕು, ತಲೆ ನೆಟ್ಟಗಾಗುತ್ತಿತ್ತು. ಒತ್ತುವುದೂ ಬೇಡ. ಜನರ ಎದುರು, ಟಿವಿ ಮುಂದೆ, ಎಲ್ಲಿದ್ದರೂ ಬೆರಳು ಗಲ್ಲದ ಮೇಲೆ. ಏನೋ ಯೋಚನೆ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು.

ಆದರೆ ಎಳೆ ಕಟ್ಟಲು ಎರಡೂ ಕೈ ಬೇಕು. ಒಂದು ದಿನ ತಲೆ ಹೊರಳಿದ್ದಾಗ ಎಳೆ ಹೋದದ್ದು ಕಾಣಲಿಲ್ಲ. ಅರ್ಧ ಸೀರೆ ಕೆಟ್ಟಿತು. ರಮೇಶ ಬಂದು ಸ್ವಿಚ್ ಆರಿಸಿದ.

"ನಾಳೆಯಿಂದ ಶೆಡ್ಡಿಗೆ ಬರ್ಬೇಡಮ್ಮ. ಲಾಳಿ ಗೀಳಿ ಹಾರಿ ಬಡಿದ್ರೆ ಏನ್ಮಾಡ್ತೀಯ?"

ಮಗ್ಗ ಹೋಯಿತು.

ಕುತ್ತಿಗೆಯ ನೋವಿಗಿಂತ ಇದು ಹೆಚ್ಚು ಉರಿಯಿತು. ಅದರ ಮೇಲೆ ಸೊಸೆ ಶೋಭಾ ಬೇರೆ. "ಟಿವಿ ಮುಂದೆ ನೆಟ್ಟಗೇ ಇರುತ್ತೆ. ಅದ್ಯಾವ ಕುತ್ತಿಗೆ ಅತ್ತೆ, ಈಳಿಗೆಮಣೆ ಕಂಡ್ರೆ ಮಾತ್ರ ತಿರುಗೋದು?"

ಹಾಗಂದರೂ ಬಸ್ಸು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅವಳೇ. ನ್ಯೂರಾಲಜಿ ಡಾಕ್ಟರಮ್ಮ ಅವಳಿಗಿಂತಲೂ ಚಿಕ್ಕವರು. ಒಂದು ಕ್ಯಾಮರಾ ಮುಂದೆ ಕೂರಿಸಿದರು. ಅದು ಮುಖ ನೋಡುತ್ತದಂತೆ, ತಲೆ ಎಷ್ಟು ತಿರುಗಿದೆ ಅಂತ ಕಂಪ್ಯೂಟರ್ ಅಳೆಯುತ್ತದಂತೆ. ನನಗೆ ಕ್ಯಾಮರಾ ಅಂದರೆ ಫೋಟೋ. ಸೆರಗು ಸರಿಮಾಡಿಕೊಂಡೆ. ಗಲ್ಲಕ್ಕೆ ಬೆರಳಿಟ್ಟೆ.

ಡಾಕ್ಟರಮ್ಮ ನನ್ನನ್ನಲ್ಲ, ಪರದೆಯನ್ನು ನೋಡುತ್ತಿದ್ದರು. ಅದರಲ್ಲಿ ನನ್ನ ಕಣ್ಣು ಬಾಯಿಯ ಸುತ್ತ ಹಸಿರು ಚುಕ್ಕೆಗಳು, ಮೂಗಿನಿಂದ ಹೊರಟ ಒಂದು ಗೆರೆ. ಗೆರೆ ಅಲುಗಲಿಲ್ಲ.

"ಎರಡೇ ಡಿಗ್ರಿ. ಅಂಥದ್ದೇನೂ ಇಲ್ವಲ್ಲ."

ಶೋಭಾ ನನ್ನ ಕಡೆ ನೋಡಿದ ನೋಟ! ಕಾಯಿಲೆಯೇ ಇಲ್ಲ ಅಂದರೆ ಔಷಧಿಯೂ ಇಲ್ಲ, ಇನ್ನು ಮಗ್ಗ ಸಿಕ್ಕ ಹಾಗೇ ಅಂದುಕೊಂಡೆ.

ಡಾಕ್ಟರಮ್ಮ ವಿಡಿಯೋ ಇನ್ನೊಂದು ಸಲ ಹಾಕಿದರು.

"ಅಜ್ಜಿ, ಆ ಬೆರಳು ಯಾಕೆ ಅಲ್ಲಿಟ್ರಿ?"

"ಇಟ್ರೆ ತಲೆ ನಿಲ್ಲುತ್ತೆ. ಸೊಟ್ಟಗೆ ಫೋಟೋ ತೆಗೆಸ್ಕೊಳ್ಳೋಕೆ ನಂಗೇನು ಹುಚ್ಚಾ?"

ಅವರು ನಕ್ಕರು. "ಕೈ ತೊಡೆ ಮೇಲಿಡಿ. ಕಣ್ಣು ಮುಚ್ಚಿ. ತಲೆ ಎಲ್ಲಿಗೆ ಹೋಗುತ್ತೋ ಹೋಗ್ಲಿ, ತಡೀಬೇಡಿ."

ಬಿಟ್ಟೆ.

ಮೂವತ್ತೆಂಟು ಡಿಗ್ರಿ.

"ಸರ್ವೈಕಲ್ ಡಿಸ್ಟೋನಿಯಾ. ಕುತ್ತಿಗೆ ಸ್ನಾಯು ತಾನಾಗೇ ಬಿಗಿದು ತಲೇನ ಎಳೆಯುತ್ತೆ," ಅಂದ ಡಾಕ್ಟರಮ್ಮ ಶೋಭಾ ಕಡೆ ತಿರುಗಿದರು. "ಮುಟ್ಟಿದ್ರೆ ನೆಟ್ಟಗಾಗೋದೂ ಈ ಕಾಯಿಲೆಯ ಗುರುತೇ ಕಣಮ್ಮ. ನಾಟಕ ಅಲ್ಲ."

ವಾಪಸ್ಸು ಬರುವಾಗ ಶೋಭಾ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟಳು.

ಅವಳನ್ನು ಬೈದು ಪ್ರಯೋಜನವಿಲ್ಲ. ಯಂತ್ರವನ್ನೂ ಅಷ್ಟೇ. ನಾನು ತೋರಿಸಿದ್ದನ್ನು ಅದು ಅಳೆಯಿತು, ನಾನು ತೋರಿಸಿದ್ದನ್ನು ಮನೆಯವರು ನಂಬಿದರು. ನಾಚಿಕೆಗೆ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು, ಯಾರೂ ನಂಬಲಿಲ್ಲ ಅಂತ ಒಳಗೊಳಗೇ ಕುದಿಯುತ್ತಿದ್ದವಳು ನಾನು.

ಕುತ್ತಿಗೆಗೆ ಸ್ನಾಯು ಸಡಿಲ ಮಾಡುವ ಬೊಟಾಕ್ಸ್ ಇಂಜೆಕ್ಷನ್ ಕೊಟ್ಟರು. ಚುರುಕ್ ಅಂದಿತು. ಒಂದು ತಿಂಗಳು ಬಿಟ್ಟು ಮತ್ತೆ ಕ್ಯಾಮರಾ. ಕೈ ತೊಡೆ ಮೇಲೆ. ಹನ್ನೊಂದು ಡಿಗ್ರಿ. ಅದನ್ನು ಬರೆದುಕೊಟ್ಟ ಚೀಟಿ ತಂದು ರಮೇಶನ ಮುಂದಿಟ್ಟೆ.

"ಸರಿ, ಒಂದೇ ಮಗ್ಗ. ಬೆಳಿಗ್ಗೆ ಹೊತ್ತು ಮಾತ್ರ," ಅಂದ.

"ನಿಂಗೆ ಮಗ್ಗ ಕಲಿಸಿದ್ದು ಯಾರೋ?" ಅಂದೆ. ಆದರೂ ಒಂದನ್ನೇ ಹಿಡಿದೆ.

ಮೂರು ಮೂರು ತಿಂಗಳಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಪೂರ್ತಿ ವಾಸಿಯಾಗುತ್ತದೆ ಅಂತ ಡಾಕ್ಟರಮ್ಮ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹನ್ನೊಂದು ಡಿಗ್ರಿಯಲ್ಲಿ ಎಳೆ ಕಾಣುತ್ತದೆ. ಅಷ್ಟು ಸಾಕು.